ಸ್ಮೋಕಿ ಬೆಟ್ಟದ ಬೆಂಕಿ ಮತ್ತು ಹನ್ನೊಂದು ದಿನ ಮುಚ್ಚಿದ ಊರು

ಅಮೆರಿಕದ ಟೆನೆಸ್ಸಿ ರಾಜ್ಯದ ಪೂರ್ವ ಭಾಗದಲ್ಲಿ, ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲಿನಲ್ಲಿ ಗ್ಯಾಟ್ಲಿನ್‌ಬರ್ಗ್ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿನ ಕಾಯಂ ನಿವಾಸಿಗಳು ನಾಲ್ಕು ಸಾವಿರದ ಆಸುಪಾಸು. ಆದರೆ ಆ ಬಾಗಿಲಿನ ಆಚೆಗಿರುವ ಉದ್ಯಾನವು ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಪೈಕಿ ಅತಿ ಹೆಚ್ಚು ಜನ ಭೇಟಿ ನೀಡುವ ತಾಣ. 2016ರಲ್ಲಿ ಅಲ್ಲಿ ದಾಖಲಾದ ಭೇಟಿಗಳು 1 ಕೋಟಿ 13 ಲಕ್ಷ. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಪ್ರವಾಸಿ ಖರ್ಚು ಮಾಡುವುದು ಬಹುಪಾಲು ಉದ್ಯಾನದ ಹೊರಗೆ, ಅಂದರೆ ಊರಿನ ಹೋಟೆಲು, ಉಪಾಹಾರ ಗೃಹ, ಮಿಠಾಯಿ ಅಂಗಡಿ, ಮದುವೆ ಮಂದಿರ, ಮತ್ಸ್ಯಾಗಾರ ಹಾಗೂ ಬೆಟ್ಟದ ಮೈಮೇಲೆ ಹರಡಿರುವ ಸಾವಿರಾರು ಬಾಡಿಗೆ ಕ್ಯಾಬಿನ್‌ಗಳಲ್ಲಿ. ಟೆನೆಸ್ಸಿಯಲ್ಲಿ ವೇತನದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲದಿರುವುದರಿಂದ ಮಾರಾಟ ತೆರಿಗೆಯೇ ಬೊಕ್ಕಸದ ಮುಖ್ಯ ಆಧಾರ. ಈ ಊರಿನ ಗಲ್ಲಾಪೆಟ್ಟಿಗೆ ಮುಚ್ಚಿದರೆ ಅದರ ಬಿಸಿ ರಾಜ್ಯದ ರಾಜಧಾನಿಯವರೆಗೂ ತಟ್ಟುತ್ತದೆ.

ಸ್ಮೋಕಿ ಎಂದರೆ ಹೊಗೆ ಕವಿದದ್ದು. ದಟ್ಟ ಕಾಡಿನ ಮರಗಳು ಹೊರಸೂಸುವ ಆವಿಯಿಂದ ಬೆಟ್ಟಗಳ ಮೇಲೆ ಸದಾ ನೀಲಿ ಮಂಜು ತೇಲುವುದರಿಂದ ಈ ಹೆಸರು. ಆ ಹೊಗೆಯ ಚಿತ್ರವೇ ಊರಿನ ಜಾಹೀರಾತು. 2016ರ ನವೆಂಬರ್ ಕೊನೆಯ ವಾರದಲ್ಲಿ ಅಲ್ಲಿ ಕಂಡ ಹೊಗೆ ಮಾತ್ರ ಬೇರೆಯದಾಗಿತ್ತು.

ಒಂದೂವರೆ ಎಕರೆಯಿಂದ ಹದಿನೇಳು ಸಾವಿರ ಎಕರೆಗೆ

ಆ ವರ್ಷ ಅಮೆರಿಕದ ಆಗ್ನೇಯ ಭಾಗದಲ್ಲಿ ತೀವ್ರ ಬರ. ಸಾಮಾನ್ಯವಾಗಿ ಮಳೆಗೆ ಹೆಸರಾದ ಅಪಲೇಶಿಯನ್ ಬೆಟ್ಟಗಳಲ್ಲಿ ಶರತ್ಕಾಲದ ತರಗೆಲೆ ಹಪ್ಪಳದಂತೆ ಒಣಗಿ ಬಿದ್ದಿತ್ತು. ಸುತ್ತಲಿನ ರಾಜ್ಯಗಳಲ್ಲೂ ಅಲ್ಲಲ್ಲಿ ಕಾಡು ಉರಿಯುತ್ತಿದ್ದುದರಿಂದ ಗಾಳಿಯಲ್ಲಿ ಹೊಗೆಯ ವಾಸನೆ ಬರುವುದು ವಾರಗಳಿಂದ ಜನರಿಗೆ ರೂಢಿಯಾಗಿ ಹೋಗಿತ್ತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮುನ್ನಾದಿನವಾದ ನವೆಂಬರ್ 23ರ ಸಂಜೆ, ಪಟ್ಟಣದಿಂದ ಸುಮಾರು 9 ಕಿಲೋಮೀಟರ್ ದೂರದ ಚಿಮ್ನಿ ಟಾಪ್ಸ್ ಶಿಖರದ ನೆತ್ತಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಆಗ ಅದರ ವಿಸ್ತಾರ ಕೇವಲ ಒಂದೂವರೆ ಎಕರೆ.

ಶಿಖರದ ತುದಿ ಕಡಿದಾದ ಬಂಡೆ. ಅಲ್ಲಿಗೆ ಸಿಬ್ಬಂದಿಯನ್ನು ಕಳುಹಿಸುವುದು ಅಪಾಯವೆಂದು ಬಗೆದ ಉದ್ಯಾನದ ಅಗ್ನಿಶಾಮಕ ವಿಭಾಗವು, ಸುತ್ತಲಿನ ಹಳ್ಳ ಮತ್ತು ಕಾಲುದಾರಿಗಳನ್ನೇ ಗಡಿಯಾಗಿಸಿಕೊಂಡು ಸುಮಾರು 410 ಎಕರೆಯ ಒಂದು ಚೌಕದೊಳಗೆ ಬೆಂಕಿಯನ್ನು ಕಟ್ಟಿಹಾಕಲು ನಿರ್ಧರಿಸಿತು. ಹಬ್ಬದ ರಜೆಯ ನಾಲ್ಕು ದಿನಗಳಲ್ಲಿ ಬೆಂಕಿ ನಿಧಾನವಾಗಿಯೇ ಹರಡಿತು. ನವೆಂಬರ್ 27ರಂದು ಹೆಲಿಕಾಪ್ಟರ್‌ಗಳಿಂದ ನೀರು ಸುರಿಯಲಾಯಿತು. ಆ ಸಂಜೆಯೂ ಬೆಂಕಿ ನಲವತ್ತು ಎಕರೆಯ ಒಳಗೇ ಇತ್ತು. ಬಿರುಗಾಳಿ ಬರಲಿದೆಯೆಂಬ ಹವಾಮಾನ ಇಲಾಖೆಯ ಮುನ್ಸೂಚನೆಯೂ ಕೈಯಲ್ಲಿತ್ತು.

ನವೆಂಬರ್ 28ರ ಸೋಮವಾರ ಗಾಳಿ ಬಂತು. ಸಮೀಪದ ಕೋವ್ ಮೌಂಟನ್‌ನಲ್ಲಿ ಗಂಟೆಗೆ 140 ಕಿಲೋಮೀಟರ್ ವೇಗದ ಗಾಳಿಯ ಹೊಡೆತ ದಾಖಲಾಯಿತು. ಉರಿಯುವ ಕೆಂಡಗಳು ಕಣಿವೆಯಿಂದ ಕಣಿವೆಗೆ ಹಾರಿದವು. ಹಾಕಿಕೊಂಡಿದ್ದ ಗಡಿ ಬೆಳಗಾಗುವಷ್ಟರಲ್ಲೇ ನಿರರ್ಥಕವಾಯಿತು. ಸಂಜೆ ಆರರ ಸುಮಾರಿಗೆ ಬೆಂಕಿ ಪಟ್ಟಣದ ಅಂಚಿಗೆ ಬಂದು ನಿಂತಿತು. ಅದೇ ಗಾಳಿಗೆ ಮರಗಳು ಉರುಳಿ ವಿದ್ಯುತ್ ತಂತಿಗಳು ನೆಲಕ್ಕೆ ಬಿದ್ದು, ಉದ್ಯಾನದ ಬೆಂಕಿ ಇನ್ನೂ ತಲುಪದಿದ್ದ ಕಡೆಗಳಲ್ಲಿಯೂ ಹೊಸ ಬೆಂಕಿಗಳು ಹೊತ್ತಿಕೊಂಡವು. ವಿದ್ಯುತ್ ಹೋದೊಡನೆ ಬೆಟ್ಟಕ್ಕೆ ನೀರೆತ್ತುವ ಪಂಪುಗಳು ನಿಂತವು. ಅಗ್ನಿಶಾಮಕ ದಳದವರ ಕೊಳವೆಗಳಲ್ಲಿ ನೀರಿನ ಒತ್ತಡ ಕುಸಿಯಿತು.

ರಾತ್ರಿ ಎಂಟೂವರೆಯ ಸುಮಾರಿಗೆ ಇಡೀ ಊರನ್ನು ತೆರವುಗೊಳಿಸುವ ಆದೇಶ ಹೊರಟಿತು. ಸುಮಾರು 14 ಸಾವಿರ ಜನ ರಾತ್ರೋರಾತ್ರಿ ಊರು ಬಿಟ್ಟರು. ಪ್ರವಾಸಿಗರನ್ನು ಊರು ಸುತ್ತಿಸುವ ಟ್ರಾಲಿ ಬಸ್ಸುಗಳೇ ಜನರನ್ನು ಸಾಗಿಸುವ ವಾಹನಗಳಾದವು. ತಡರಾತ್ರಿ ಮಳೆ ಸುರಿದಾಗ ಬೆಂಕಿಯ ವೇಗ ತಗ್ಗಿತು. ಅಷ್ಟರಲ್ಲಿ 14 ಜನ ಸತ್ತಿದ್ದರು, ಸುಮಾರು 190 ಜನ ಗಾಯಗೊಂಡಿದ್ದರು. ಹಾನಿಗೊಂಡ ಇಲ್ಲವೇ ನಾಶವಾದ ಕಟ್ಟಡಗಳ ಸಂಖ್ಯೆ 2,400ನ್ನು ಮೀರಿತ್ತು. ಸುಟ್ಟ ಕಾಡು ಹದಿನೇಳು ಸಾವಿರ ಎಕರೆಗೂ ಹೆಚ್ಚು. ನಷ್ಟದ ಅಂದಾಜು 50 ಕೋಟಿ ಡಾಲರ್‌ಗೂ ಅಧಿಕ.

ಅತಿಥಿಗೆ ದಾರಿ ಗೊತ್ತಿರಲಿಲ್ಲ

ಸತ್ತವರಲ್ಲಿ ಹಲವರು ಪಟ್ಟಣದ ಮೇಲಿನ ಬೆಟ್ಟದಲ್ಲಿರುವ ಷಾಲೆ ವಿಲೇಜ್ ಸುತ್ತಮುತ್ತಲಿನವರು. ಕೆಲವರು ನಿವಾಸಿಗಳು, ಕೆಲವರು ರಜೆಗೆಂದು ಬಂದವರು. ಇಂಥ ಬೆಟ್ಟದ ಊರುಗಳ ವಸತಿ ವ್ಯಾಪಾರದ ಸ್ವರೂಪವನ್ನು ಇಲ್ಲಿ ಗಮನಿಸಬೇಕಾಗುತ್ತದೆ. ಬಾಡಿಗೆ ಕ್ಯಾಬಿನ್‌ಗಳು ಬಹುಪಾಲು ಮರದವು. ಮರದ ಮಹಡಿ, ಮರದ ಜಗಲಿ, ಕೈಚಾಚಿದರೆ ಕಾಡು. ಗಿರಾಕಿ ಹಣ ಕೊಡುವುದೇ ಅದಕ್ಕೆ. ಅಲ್ಲಿಗೆ ಹೋಗುವ ರಸ್ತೆ ಕಿರಿದು, ತಿರುವು ಹೆಚ್ಚು, ಕೆಲವೆಡೆ ಹೋಗಲೂ ಬರಲೂ ಒಂದೇ ದಾರಿ. ಹೋಟೆಲಿನಲ್ಲಿ ರಾತ್ರಿ ಬಾಗಿಲು ತಟ್ಟಲು ಸಿಬ್ಬಂದಿ ಇರುತ್ತಾರೆ. ಕ್ಯಾಬಿನ್ನಿನಲ್ಲಿ ಯಾರೂ ಇರುವುದಿಲ್ಲ. ಕೀಲಿಕೈ ಪಡೆದು ಒಳಹೊಕ್ಕ ಕುಟುಂಬಕ್ಕೆ ಊರಿನ ದಿಕ್ಕು ಗೊತ್ತಿಲ್ಲ, ಪಕ್ಕದ ಮನೆಯವರ ಪರಿಚಯವಿಲ್ಲ, ಸ್ಥಳೀಯ ರೇಡಿಯೊ ಕೇಳುವ ಅಭ್ಯಾಸವೂ ಇಲ್ಲ.

ಹೀಗಾಗಿ ಅವರ ಪಾಲಿಗೆ ಉಳಿದಿದ್ದ ಒಂದೇ ಎಚ್ಚರಿಕೆ ಮೊಬೈಲ್ ಫೋನ್. ಆ ರಾತ್ರಿ ಫೋನ್‌ಗಳಿಗೆ ತುರ್ತು ತೆರವು ಸಂದೇಶ ಹೋಗಲೇ ಇಲ್ಲ. ದೂರವಾಣಿ ಮತ್ತು ಇಂಟರ್‌ನೆಟ್ ಸಂಪರ್ಕ ಕಡಿದುಹೋದ ಕಾರಣ ಸ್ಥಳೀಯ ಅಧಿಕಾರಿಗಳು, ರಾಜ್ಯದ ತುರ್ತು ನಿರ್ವಹಣಾ ಸಂಸ್ಥೆ ಹಾಗೂ ಹವಾಮಾನ ಇಲಾಖೆಯ ನಡುವೆ ಸಂದೇಶದ ವಿನಿಮಯವೇ ಆಗಲಿಲ್ಲವೆಂದು ನಂತರ ತಿಳಿದುಬಂತು. ವ್ಯವಸ್ಥೆ ಇತ್ತು, ಬೇಕಾದ ಗಳಿಗೆಯಲ್ಲಿ ಅದರ ಕೊಂಡಿ ಕಳಚಿತ್ತು. ಬೆಟ್ಟದ ಮೇಲಿನ ಒಂದು ಬಹುಮಹಡಿ ಹೋಟೆಲಿನ ಅತಿಥಿಗಳಂತೂ ಕೆಳಗಿಳಿಯುವ ರಸ್ತೆಯನ್ನು ಬೆಂಕಿ ಆವರಿಸಿದ್ದರಿಂದ ಒಳಗೇ ಉಳಿಯಬೇಕಾಯಿತು. ಕಾಂಕ್ರೀಟಿನ ಆ ಕಟ್ಟಡ ಉಳಿದದ್ದರಿಂದ ಅವರೂ ಉಳಿದರು.

ಬೆಂಕಿ ಹಚ್ಚಿದವರು ಯಾರೆಂಬ ಪ್ರಶ್ನೆಗೆ ನ್ಯಾಯಾಲಯದಲ್ಲಿ ಉತ್ತರ ಸಿಗಲಿಲ್ಲ. ಇಬ್ಬರು ಬಾಲಕರ ಮೇಲೆ ಹೊರಿಸಿದ್ದ ಆರೋಪವನ್ನು 2017ರ ಜೂನ್‌ನಲ್ಲಿ ಹಿಂಪಡೆಯಲಾಯಿತು. ಗಾಳಿಯೂ ತುಂಡಾದ ವಿದ್ಯುತ್ ತಂತಿಗಳೂ ಸೇರಿಕೊಂಡಿದ್ದರಿಂದ ಯಾವ ಸಾವಿಗೆ ಯಾವ ಬೆಂಕಿ ಕಾರಣವೆಂದು ಸಂಶಯಾತೀತವಾಗಿ ಸಾಧಿಸಲಾಗದು ಎಂಬುದು ಸರ್ಕಾರಿ ಅಭಿಯೋಜಕರ ನಿಲುವಾಗಿತ್ತು. ಎಚ್ಚರಿಕೆ ನೀಡುವಲ್ಲಿ ಲೋಪವಾಯಿತೆಂದು ಕೇಂದ್ರ ಸರ್ಕಾರದ ಮೇಲೆ ಹೂಡಿದ ದಾವೆಗಳು ಮುಂದೆ ವರ್ಷಗಟ್ಟಲೆ ನಡೆದವು.

ಉಳಿದ ಪೇಟೆ, ಬಾರದ ಗಿರಾಕಿ

ಮರುದಿನ ಬೆಳಗ್ಗೆ ಊರಿನ ವರ್ತಕರಿಗೆ ಎದುರಾದದ್ದು ವಿಚಿತ್ರ ಸ್ಥಿತಿ. ಬೆಟ್ಟದ ಮೇಲಿನ ಮನೆಗಳು ಬೂದಿಯಾಗಿದ್ದವು. ಒಂದು ದೊಡ್ಡ ರೆಸಾರ್ಟ್ ಎಪ್ಪತ್ತಕ್ಕೂ ಹೆಚ್ಚು ಕಟ್ಟಡಗಳನ್ನು ಕಳೆದುಕೊಂಡಿತ್ತು. 1912ರಲ್ಲಿ ಸ್ಥಾಪನೆಯಾದ ಶಾಲೆಯೊಂದರಿಂದ ಬೆಳೆದುಬಂದ ಆರೋಮಾಂಟ್ ಕರಕುಶಲ ಕಲಾಶಾಲೆಯ ಎರಡು ವಸತಿ ನಿಲಯಗಳು ಸುಟ್ಟಿದ್ದವು. ಆದರೆ ಪಾರ್ಕ್‌ವೇ ಎಂದು ಕರೆಯುವ ಮುಖ್ಯ ಪೇಟೆ ಬೀದಿ ಬಹುಮಟ್ಟಿಗೆ ಹಾಗೆಯೇ ನಿಂತಿತ್ತು. ಸಿಬ್ಬಂದಿಯನ್ನೂ ತೆರವುಗೊಳಿಸಲಾಗಿದ್ದ ಮತ್ಸ್ಯಾಗಾರದಲ್ಲಿ ಸಾವಿರಾರು ಜಲಚರಗಳು ಬದುಕಿದ್ದವು.

ಹೊರಜಗತ್ತು ಕಂಡದ್ದು ಮಾತ್ರ ಬೇರೆ ಚಿತ್ರ. ಕಾರಿನ ಕಿಟಕಿಯಿಂದ ತೆಗೆದ, ರಸ್ತೆಯ ಎರಡೂ ಬದಿ ಬೆಂಕಿ ಉರಿಯುತ್ತಿರುವ ದೃಶ್ಯಗಳು ಗಂಟೆಗಳೊಳಗೆ ದೇಶವನ್ನೆಲ್ಲ ಸುತ್ತಿದ್ದವು. ಗ್ಯಾಟ್ಲಿನ್‌ಬರ್ಗ್ ಇನ್ನಿಲ್ಲ ಎಂಬ ಭಾವನೆ ಜನಮನದಲ್ಲಿ ಬೇರೂರಿತು. ಚಳಿಗಾಲದ ದೀಪಾಲಂಕಾರದ ಹಂಗಾಮು ಅದು. ಕ್ರಿಸ್‌ಮಸ್ ಮುಂಚಿನ ವಾರಗಳು ಅಂಗಡಿಕಾರರ ಸುಗ್ಗಿ. ಅಂಥ ಕಾಲದಲ್ಲಿ ಊರು ಸಾರ್ವಜನಿಕರಿಗೆ ಮತ್ತೆ ತೆರೆದದ್ದು ಡಿಸೆಂಬರ್ 9ರಂದು. ಹನ್ನೊಂದು ದಿನ ಒಂದು ಬಿಲ್ಲೂ ಹರಿಯಲಿಲ್ಲ. ತೆರೆದ ಮೇಲೂ ಕಾಯ್ದಿರಿಸಿದ್ದ ಕೊಠಡಿಗಳು ರದ್ದಾಗುತ್ತಲೇ ಇದ್ದವು.

ಈ ಹಂತದಲ್ಲಿ ಸ್ಥಳೀಯ ವ್ಯಾಪಾರಿ ಸಮುದಾಯ ಎರಡು ಮಾತನ್ನು ಒಟ್ಟಿಗೆ ಹೇಳಬೇಕಾಯಿತು. ಸಹಾಯ ಬೇಕೆಂದರೆ ನಷ್ಟವನ್ನು ದೊಡ್ಡದಾಗಿ ತೋರಿಸಬೇಕು. ಗಿರಾಕಿ ಬೇಕೆಂದರೆ ಊರು ನೆಟ್ಟಗಿದೆ ಎನ್ನಬೇಕು. ಹೆಣ ಎತ್ತಿದ ಮನೆಯ ಪಕ್ಕದಲ್ಲೇ ಅಂಗಡಿಯ ದೀಪ ಹಚ್ಚಿ ಬನ್ನಿರೆಂದು ಕರೆಯುವುದು ಯಾವ ವರ್ತಕನಿಗೂ ಹಿತವಾದ ಕೆಲಸವಲ್ಲ. ಆದರೆ ಕರೆಯದಿದ್ದರೆ ಸುಡದೆ ಉಳಿದ ಅಂಗಡಿಯ ನೌಕರನಿಗೂ ಸಂಬಳವಿಲ್ಲ. ಊರಿನವರು ಕೊನೆಗೆ ಕಂಡುಕೊಂಡ ಉತ್ತರ ಸರಳವಾಗಿತ್ತು: ದೇಣಿಗೆ ಕೊಡುವ ಮನಸ್ಸಿದ್ದವರು ಬಂದು ಒಂದು ರಾತ್ರಿ ತಂಗಲಿ, ಊಟ ಮಾಡಲಿ. ಕರೆ ವ್ಯರ್ಥವಾಗಲಿಲ್ಲವೆಂದೇ ಹೇಳಬೇಕು. 2017ರಲ್ಲಿ ಉದ್ಯಾನದ ಭೇಟಿಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಕಡಿಮೆಯಾಗಲಿಲ್ಲ. ಅಲ್ಪಸ್ವಲ್ಪ ಹೆಚ್ಚೇ ಆಯಿತು.

ಹಾಸಿಗೆ ಹಾಸುವವರ ಮನೆ

ಪ್ರವಾಸಿಗ ಮರಳಿ ಬಂದಾಗ ಅವನಿಗೆ ಕಾಫಿ ತಂದುಕೊಡುವವರು ಎಲ್ಲಿದ್ದಾರೆ ಎಂಬುದು ಮುಂದಿನ ಪ್ರಶ್ನೆ. ಬೆಟ್ಟದ ಪ್ರವಾಸಿ ಊರುಗಳಲ್ಲಿ ಭೂಮಿಯ ಬೆಲೆ ಏರಿದಷ್ಟೂ ದುಡಿಯುವವರ ವಸತಿ ಕಿರಿದಾಗುತ್ತದೆ. ಗ್ಯಾಟ್ಲಿನ್‌ಬರ್ಗ್‌ನ ಅಡುಗೆಯವರು, ಕೊಠಡಿ ಶುಚಿಗೊಳಿಸುವವರು, ಮಾಣಿಗಳು ಮೊದಲಾದವರಲ್ಲಿ ಅನೇಕರು ಹಳೆಯ ಅಪಾರ್ಟ್‌ಮೆಂಟುಗಳಲ್ಲಿ, ವಾರದ ಬಾಡಿಗೆಗೆ ಕೊಡುವ ಮೋಟೆಲ್ ಕೊಠಡಿಗಳಲ್ಲಿ ವಾಸವಾಗಿದ್ದರು. ಇಂಥ ವಸತಿಗಳೂ ಆ ರಾತ್ರಿ ಸುಟ್ಟುಹೋದವು. ವಾರದ ಬಾಡಿಗೆಯವನಿಗೆ ಕರಾರು ಪತ್ರವಿಲ್ಲ, ಸಾಮಾನಿಗೆ ವಿಮೆಯಿಲ್ಲ. ಮಾಲೀಕನಿಗೆ ಕಟ್ಟಡದ ಪರಿಹಾರ ಬಂದರೂ ಅಲ್ಲಿ ಮತ್ತೆ ಅಗ್ಗದ ಬಾಡಿಗೆ ಮನೆಯೇ ಏಳುತ್ತದೆಂಬ ಭರವಸೆಯೂ ಇಲ್ಲ. ಮನೆ ಹೋದವನು ನೆಂಟರೂರಿಗೆ ಹೊರಟರೆ ಹೋಟೆಲಿಗೆ ಕೆಲಸಗಾರನೂ ಹೋದ.

ಇಲ್ಲಿ ನೆರವಿಗೆ ಬಂದ ಒಂದು ಯೋಜನೆ ಇತರ ಊರುಗಳ ಉದ್ಯಮಿಗಳೂ ಅಭ್ಯಸಿಸತಕ್ಕದ್ದು. ಪಕ್ಕದ ಪಿಜನ್ ಫೋರ್ಜ್ ಪಟ್ಟಣದಲ್ಲಿ 1986ರಿಂದ ಡಾಲಿವುಡ್ ಎಂಬ ಮನರಂಜನಾ ಉದ್ಯಾನವಿದೆ. ಅದರ ಒಡೆತನದಲ್ಲಿ ಪಾಲುದಾರರಾದ ಗಾಯಕಿ ಡಾಲಿ ಪಾರ್ಟನ್ ಇದೇ ಸೆವಿಯರ್ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರು. ಅವರ ಪ್ರತಿಷ್ಠಾನವು, ವಾಸದ ಮನೆ ಕಳೆದುಕೊಂಡ ಪ್ರತಿ ಕುಟುಂಬಕ್ಕೆ ಆರು ತಿಂಗಳ ಕಾಲ ತಿಂಗಳಿಗೆ 1,000 ಡಾಲರ್ ನೀಡುವುದಾಗಿ ಘೋಷಿಸಿತು. ಡಿಸೆಂಬರ್ 13ರಂದು ನಡೆದ ದೂರದರ್ಶನ ಕಾರ್ಯಕ್ರಮಕ್ಕೆ ಬಂದ ದೇಣಿಗೆ ನಿರೀಕ್ಷೆ ಮೀರಿದ್ದರಿಂದ ಕೊನೆಯ ಕಂತನ್ನು 5,000 ಡಾಲರಿಗೆ ಏರಿಸಲಾಯಿತು. ಹೀಗೆ ಸುಮಾರು 900 ಕುಟುಂಬಗಳಿಗೆ ತಲಾ 10,000 ಡಾಲರ್ ತಲುಪಿತು. ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬ ನಿಬಂಧನೆ ಇರಲಿಲ್ಲ. ಮನೆ ಸ್ವಂತದ್ದೇ ಬಾಡಿಗೆಯದೇ ಎಂಬ ಭೇದವೂ ಇರಲಿಲ್ಲ. ಕಂಬಳಿ, ಹಳೆಯ ಬಟ್ಟೆಗಳ ಮೂಟೆಗಿಂತ ತಿಂಗಳಿಗೊಮ್ಮೆ ಬರುವ ನಗದು ಊರಿನಲ್ಲಿಯೇ ಉಳಿಯಲು ಹೆಚ್ಚು ನೆರವಾಗುತ್ತದೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಅದೇ ಹಣ ಊರಿನ ಅಂಗಡಿಗಳಲ್ಲಿ ಖರ್ಚಾಗುತ್ತದೆ ಎಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಿಮೆಯ ಪತ್ರದಲ್ಲಿ ಬರೆದದ್ದು

ಕಟ್ಟಡ ಸುಟ್ಟರೆ ಅಗ್ನಿವಿಮೆ ಇದೆ. ಕಟ್ಟಡ ಸುಡದೆ ವ್ಯಾಪಾರ ಮಾತ್ರ ನಿಂತರೆ? ಪಾರ್ಕ್‌ವೇ ಬೀದಿಯ ಅಂಗಡಿಕಾರರ ಮುಂದಿದ್ದ ಪ್ರಶ್ನೆ ಇದೇ. ಅಮೆರಿಕದ ವ್ಯವಹಾರ ಸ್ಥಗಿತ ವಿಮೆಯ ಸಾಮಾನ್ಯ ನಮೂನೆಯಲ್ಲಿ ಇದಕ್ಕೊಂದು ಕಲಮು ಉಂಟು. ಸಮೀಪದ ಆಸ್ತಿಗೆ ಹಾನಿಯಾಗಿ, ಸರ್ಕಾರಿ ಆದೇಶದಿಂದ ಪ್ರವೇಶ ನಿಷೇಧವಾದರೆ ಆದಾಯ ನಷ್ಟವನ್ನು ಭರಿಸಲಾಗುತ್ತದೆ. ಆದರೆ ಮೊದಲ 72 ಗಂಟೆಗಳ ನಷ್ಟ ಸಾಮಾನ್ಯವಾಗಿ ವರ್ತಕನ ತಲೆಗೇ ಬರುತ್ತದೆ. ನಿಷೇಧ ತೆಗೆದ ಮೇಲೆ ಗಿರಾಕಿ ಹೆದರಿ ಬಾರದಿದ್ದರೆ ಅದು ಈ ಕಲಮಿನೊಳಗೆ ಬರುವುದಿಲ್ಲ. ಭೀತಿಯಿಂದಾದ ನಷ್ಟಕ್ಕೆ ರಸೀದಿ ಇಲ್ಲವಷ್ಟೆ.

ಭಾರತದ ಪಾಲಿಸಿಗಳಲ್ಲಿ ಈ ವಿಷಯ ಇನ್ನಷ್ಟು ಬಿಗಿ. ಕೊಡಗು, ಚಿಕ್ಕಮಗಳೂರು ಭಾಗಗಳ ಹೋಂಸ್ಟೇ ಹಾಗೂ ರೆಸಾರ್ಟ್ ಮಾಲೀಕರು ಇದನ್ನು ತಿಳಿದಿರುವುದು ಲೇಸು. ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬೆಂಕಿ ಬೀಳುವುದು ಮಲೆನಾಡಿಗೆ ಅಪರೂಪವಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಉರಿದದ್ದೂ ಎಲ್ಲರ ನೆನಪಿನಲ್ಲಿದೆ. ದೇಶದಲ್ಲಿ ದಶಕಗಳ ಕಾಲ ಚಾಲ್ತಿಯಲ್ಲಿದ್ದ ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್ ಪಾಲಿಸಿಯು ಪೊದೆಗಳ ಬೆಂಕಿಗೆ ರಕ್ಷಣೆ ಕೊಟ್ಟು, ಕಾಡಿನ ಬೆಂಕಿಯನ್ನು ಹೊರಗಿಟ್ಟಿತ್ತು! ಅದಕ್ಕೆ ಹೆಚ್ಚುವರಿ ಪ್ರೀಮಿಯಂ ತೆತ್ತು ಪ್ರತ್ಯೇಕ ಸೇರ್ಪಡೆ ಮಾಡಿಸಿಕೊಳ್ಳಬೇಕಿತ್ತು. ಎಷ್ಟೋ ಮಾಲೀಕರು ಪಾಲಿಸಿಯ ಆ ಸಾಲನ್ನು ಓದಿರಲಾರರು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಗೃಹ ರಕ್ಷಾ, ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಮತ್ತು ಭಾರತ್ ಲಘು ಉದ್ಯಮ ಸುರಕ್ಷಾ ಎಂಬ ಪಾಲಿಸಿಗಳಲ್ಲಿ ಕಾಡಿನ ಬೆಂಕಿಯನ್ನೂ ಸೇರಿಸಲಾಗಿದೆ. ಒಂದು ಸ್ಥಳದಲ್ಲಿನ ಆಸ್ತಿಯ ಮೌಲ್ಯ 5 ಕೋಟಿ ರೂಪಾಯಿವರೆಗಿದ್ದರೆ ಸೂಕ್ಷ್ಮ, ಅದಕ್ಕೆ ಮೇಲ್ಪಟ್ಟು 50 ಕೋಟಿವರೆಗಿದ್ದರೆ ಲಘು ಪಾಲಿಸಿ ಅನ್ವಯಿಸುತ್ತದೆ. ಮನೆಯ ಒಂದು ಭಾಗವನ್ನು ಅತಿಥಿಗಳಿಗೆ ಬಿಡುವವರು ಆ ಬಳಕೆಯನ್ನು ವಿಮಾ ಕಂಪನಿಗೆ ಮೊದಲೇ ತಿಳಿಸಿ ಬರೆಸಿಕೊಳ್ಳದಿದ್ದರೆ ಪರಿಹಾರದ ವೇಳೆ ತಕರಾರು ಎದ್ದೀತು.

ಆದಾಯ ನಷ್ಟದ ಮಾತು ಬೇರೆ. ಅದಕ್ಕೆ ಲಾಸ್ ಆಫ್ ಪ್ರಾಫಿಟ್ ಪಾಲಿಸಿಯನ್ನು ಪ್ರತ್ಯೇಕವಾಗಿ ಮಾಡಿಸಬೇಕು. ಅದರಲ್ಲಿಯೂ ಸ್ವಂತ ಕಟ್ಟಡಕ್ಕೆ ಹಾನಿಯಾಗಿ, ಆ ಹಾನಿಯ ಪರಿಹಾರವನ್ನು ಅಗ್ನಿವಿಮೆ ಒಪ್ಪಿಕೊಂಡಿರಬೇಕೆಂಬುದು ಮೂಲ ಷರತ್ತು. ಪಾರ್ಕ್‌ವೇ ಬೀದಿಯಂತೆ ಸುಡದೆ ಮುಚ್ಚಿದ ಅಂಗಡಿಗೆ, ವಿಶೇಷ ವಿಸ್ತರಣೆ ಪಡೆದಿರದಿದ್ದರೆ, ಬಿಡಿಗಾಸೂ ಸಿಗದು.

ಗ್ಯಾಟ್ಲಿನ್‌ಬರ್ಗ್‌ನಲ್ಲಿ ಇನ್ನೊಂದು ತೊಡಕೂ ಎದುರಾಯಿತು. ಹಲವರ ವಿಮೆಯ ಮೊತ್ತ ಹಳೆಯ ಬೆಲೆಯದು. ನೂರಾರು ಮನೆಗಳನ್ನು ಏಕಕಾಲಕ್ಕೆ ಕಟ್ಟಬೇಕಾದಾಗ ಬಡಗಿಗಳೂ ಮರವೂ ತುಟ್ಟಿಯಾಗುತ್ತವೆ. ಕಡಿದಾದ ಇಳಿಜಾರಿನಲ್ಲಿ ಪಾಯ ಹಾಕುವ ಖರ್ಚು ಮತ್ತೂ ಹೆಚ್ಚು. ಭಾರತದ ಅನೇಕ ಪಾಲಿಸಿಗಳಲ್ಲಿ ಇಂಥ ಕಡಿಮೆ ವಿಮೆಗೆ ಸರಾಸರಿ ನಿಯಮದ ಪೆಟ್ಟೂ ಸೇರಿಕೊಳ್ಳುತ್ತದೆ. ಒಂದು ಕೋಟಿ ಮೌಲ್ಯದ ಕಟ್ಟಡಕ್ಕೆ 60 ಲಕ್ಷದ ವಿಮೆ ಮಾಡಿಸಿ, 20 ಲಕ್ಷದ ಹಾನಿಯಾದರೆ, ಆ ನಿಯಮದಂತೆ ದೊರೆಯುವುದು 12 ಲಕ್ಷ ಮಾತ್ರ.

ಮತ್ತೆ ಎದ್ದ ಬೆಟ್ಟ

2016ರ ಡಿಸೆಂಬರ್ 15ರಂದು ಅಧ್ಯಕ್ಷರು ಸೆವಿಯರ್ ಜಿಲ್ಲೆಯನ್ನು ವಿಪತ್ತು ಪ್ರದೇಶವೆಂದು ಘೋಷಿಸಿದ ನಂತರ ಕೇಂದ್ರದ ನೆರವು ಮತ್ತು ಸಣ್ಣ ಉದ್ಯಮ ಆಡಳಿತ ಸಂಸ್ಥೆಯ ಅಲ್ಪಬಡ್ಡಿ ಸಾಲಗಳ ಬಾಗಿಲು ತೆರೆಯಿತು. 1954ರಿಂದ ಪ್ರವಾಸಿಗರನ್ನು ಬೆಟ್ಟಕ್ಕೆ ಕೊಂಡೊಯ್ಯುತ್ತಿದ್ದ ಸ್ಕೈಲಿಫ್ಟ್ ಬೆಂಕಿಗೆ ಸಿಲುಕಿ ಹಾನಿಗೊಂಡಿತ್ತು. 2017ರಲ್ಲಿ ಅದು ಮತ್ತೆ ಓಡತೊಡಗಿತು. ಅದೇ ಬೆಟ್ಟದ ಮೇಲೆ 2019ರ ಮೇ ತಿಂಗಳಲ್ಲಿ 680 ಅಡಿ ಉದ್ದದ ತೂಗು ಕಾಲುಸೇತುವೆಯನ್ನು ತೆರೆಯಲಾಯಿತು. 2017ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಅನಕೀಸ್ಟ ಎಂಬ ಗಿರಿ ಉದ್ಯಾನದಲ್ಲಿ ಬೆಂಕಿಯ ನೆನಪಿಗೆಂದೇ ಒಂದು ಕಾಲುದಾರಿಯನ್ನು ಮೀಸಲಿಡಲಾಗಿದೆ. ಚಿಮ್ನಿ ಟಾಪ್ಸ್ ಕಾಲುದಾರಿ 2017ರ ಅಕ್ಟೋಬರ್‌ನಲ್ಲಿ ತೆರೆದರೂ ಸುಟ್ಟ ತುದಿಗೆ ಏರುವ ಭಾಗವನ್ನು ಮುಚ್ಚಲಾಯಿತು. ಕ್ಯಾಬಿನ್‌ಗಳು ಅದೇ ಇಳಿಜಾರುಗಳಲ್ಲಿ, ಬಹುಪಾಲು ಮರದಲ್ಲಿಯೇ ಮತ್ತೆ ಎದ್ದವು. ಗಿರಾಕಿ ಕೇಳುವುದು ಅದನ್ನೇ ಎಂಬುದು ಮಾಲೀಕರ ಉತ್ತರ, ಅದರಲ್ಲಿ ಸುಳ್ಳಿಲ್ಲ.

ಬದಲಾದದ್ದು ಎಚ್ಚರಿಕೆಯ ವ್ಯವಸ್ಥೆ. ಉದ್ಯಾನದ ಅಗ್ನಿ ನಿರ್ವಹಣೆಯ ಪರಿಶೀಲನಾ ವರದಿ 2017ರಲ್ಲಿ, ಪಟ್ಟಣ ಮತ್ತು ಜಿಲ್ಲೆಯ ಕಾರ್ಯಾಚರಣೆಯ ವರದಿ 2018ರಲ್ಲಿ ಹೊರಬಂದವು. ಅವುಗಳ ಪರೀಕ್ಷೆಗೆ ಬಹಳ ಕಾಲ ಕಾಯಬೇಕಾಗಲಿಲ್ಲ. 2022ರ ಮಾರ್ಚ್ 30ರಂದು ಅದೇ ಸೆವಿಯರ್ ಜಿಲ್ಲೆಯ ವೇರ್ಸ್ ವ್ಯಾಲಿ ಪ್ರದೇಶದಲ್ಲಿ, ಅಂಥದೇ ಬಿರುಗಾಳಿಯ ದಿನ, ಬಾಡಿಗೆ ಕ್ಯಾಬಿನ್‌ಗಳ ನಡುವೆ ಕಾಳ್ಗಿಚ್ಚು ಎದ್ದಿತು. ಸುಮಾರು ಎರಡೂವರೆ ಸಾವಿರ ಎಕರೆ ಉರಿಯಿತು. ಇನ್ನೂರಕ್ಕೂ ಹೆಚ್ಚು ಕಟ್ಟಡಗಳು ಹಾನಿಗೀಡಾದವು. ಈ ಬಾರಿ ತೆರವು ಸಂದೇಶಗಳು ಮೊಬೈಲ್ ಫೋನ್‌ಗಳಿಗೆ ಬಂದವು. ಹನ್ನೊಂದು ಸಾವಿರಕ್ಕೂ ಹೆಚ್ಚು ಮನೆಗಳಿಗೆ ತೆರವಿನ ಆದೇಶ ಅನ್ವಯಿಸಿತು. ಸುಟ್ಟ ಕ್ಯಾಬಿನ್‌ಗಳಲ್ಲಿ ಅತಿಥಿಗಳ ಪೆಟ್ಟಿಗೆ, ಬಟ್ಟೆಗಳು ಹಾಗೆಯೇ ಉಳಿದು ಬೂದಿಯಾದವು.